ಚಾಕುವಿಗೆ ಎಣ್ಣೆ: ಕೊನೆಗೆ ಸಿಕ್ಕಿದ್ದು ಮೆಡಿಕಲ್ ಶಾಪಿನಲ್ಲಿ

ನಮ್ಮನೆಯಲ್ಲಿ ಅಮ್ಮ ಕೊಟ್ಟ ಈಳಿಗೆಮಣೆ ಇದೆ, ಒಂದು ಕಾರ್ಬನ್ ಸ್ಟೀಲ್ ಚಾಕು ಇದೆ. ಮಳೆಗಾಲ ಬಂತೆಂದರೆ ಎರಡಕ್ಕೂ ತುಕ್ಕು. ತೊಳೆದು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಸಾಕು, ಅಲಗಿನ ಮೇಲೆ ಕೆಂಪು ಚುಕ್ಕೆ.

ಎಣ್ಣೆ ಸವರಿದರೆ ಆಯ್ತಲ್ವಾ ಅಂತ ಸೂರ್ಯಕಾಂತಿ ಎಣ್ಣೆ ಹಚ್ಚಿಟ್ಟೆ. ಕೆಲವು ವಾರ ಬಿಟ್ಟು ತೆಗೆದರೆ ಅಲಗೆಲ್ಲ ಅಂಟಂಟು, ಮೇಲಿಂದ ಕಮಟು ವಾಸನೆ. ಬೆರಳಿಟ್ಟರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತಿತ್ತು! ಈ ಎಣ್ಣೆ ಗಾಳಿಗೆ ತೆರೆದಿಟ್ಟರೆ ನಿಧಾನವಾಗಿ ಪೊರೆ ಕಟ್ಟುತ್ತದೆ. ಹೊಲಿಗೆ ಮಿಷನ್ ಎಣ್ಣೆ ಹಚ್ಚು ಅಂದರು ಒಬ್ಬರು. ತರಕಾರಿಗೆ ತಾಗುವ ಅಲಗಿಗೆ ಅದು ಬೇಡ ಅನ್ನಿಸಿತು.

ಕೊನೆಗೆ ತಂದದ್ದು ಲಿಕ್ವಿಡ್ ಪ್ಯಾರಾಫಿನ್ ಐಪಿ. ಮಲಬದ್ಧತೆಗೆ ಕುಡಿಯಲು ಕೊಡುವ ಎಣ್ಣೆಯಂಥ ಔಷಧಿ ಅದು; ಐಪಿ ಅಂದರೆ ಇಂಡಿಯನ್ ಫಾರ್ಮಾಕೊಪಿಯಾ, ಔಷಧಿಯ ಗುಣಮಟ್ಟದ ಗುರುತು. ಅಂಗಡಿಯವರು "ಹೊಟ್ಟೆ ಕಟ್ಟಿದೆಯಾ?" ಅಂದರು. "ಇಲ್ಲ, ಚಾಕುವಿಗೆ" ಅಂದಾಗ ಅವರ ಮುಖ ನೋಡಬೇಕಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ಕಮಟುವುದಿಲ್ಲ. ಬೇರೆ ಔಷಧಿ ಬೆರೆಸಿದ, ಹಾಲಿನಂತೆ ಬೆಳ್ಳಗಿರುವ ಸಿರಪ್ ಮಾತ್ರ ತರಬೇಡಿ.

ಹುಣಸೆಹಣ್ಣಿನಿಂದ ತುಕ್ಕು ಉಜ್ಜಿ, ತೊಳೆದು, ಒಲೆಯ ಪಕ್ಕ ಪೂರ್ತಿ ಒಣಗಿಸಿದೆ. ಹಳೇ ಬನಿಯನ್ ತುಂಡಿಗೆ ಎರಡೇ ಹನಿ ಹಾಕಿ ಒರೆಸಿದೆ. ಜಾಸ್ತಿ ಹಚ್ಚಿದರೆ ಧೂಳು ಕೂರುತ್ತದೆ, ಅಷ್ಟೇ.

ಹಲಸಿನಹಣ್ಣು ಬಿಡಿಸುವ ದಿನ ಮಾತ್ರ ಈಗಲೂ ಕೊಬ್ಬರಿ ಎಣ್ಣೆಯೇ. ಮೇಣಕ್ಕೆ ಅದನ್ನು ಬಿಟ್ಟರೆ ಇನ್ನೊಂದಿಲ್ಲ.