ಮಣ್ಣಿನ ಗೋಡೆಗೆ ಮೊದಲು ಕೋಡುಬಳೆ ಹೊಸೆಯಿರಿ

ನಮ್ಮದು ಸಕಲೇಶಪುರದ ಕಡೆ. ತೋಟದಲ್ಲಿ ಎರಡು ಅಂಕಣದ ಮಣ್ಣಿನ ಮನೆ ಕಟ್ಟುತ್ತೇನೆ ಅಂದಾಗ ಮನೆಯವರೆಲ್ಲ ನಕ್ಕರು. ಮೊದಲ ಗೋಡೆ ಹೊಟ್ಟೆ ಬಿಟ್ಟಾಗ ಇನ್ನೂ ಜಾಸ್ತಿ ನಕ್ಕರು.

ಮಣ್ಣು ಸರಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಮೇಲಿನ ಒಂದಡಿ ಕಪ್ಪು ಮಣ್ಣನ್ನು ಗಿಡಗಳಿಗೇ ಬಿಡಿ. ಅದರಲ್ಲಿ ಬೇರು, ತರಗು ಇರುತ್ತದೆ; ಕೊಳೆತರೆ ಗೋಡೆ ಟೊಳ್ಳು. ಬೇಕಾದದ್ದು ಕೆಳಗಿನ ಕೆಮ್ಮಣ್ಣು. ಒಂದು ಹಿಡಿ ಒದ್ದೆ ಮಾಡಿ ಕೋಡುಬಳೆ ಹೊಸೆಯಿರಿ. ಹೊಸೆಯುವಾಗಲೇ ಉದುರಿದರೆ ಮರಳು ಜಾಸ್ತಿ, ಹುತ್ತದ ಮಣ್ಣು ಸೇರಿಸಿ. ಒಂದೂ ಬಿರುಕಿಲ್ಲದೆ ದುಂಡಗೆ ಬಗ್ಗಿದರೆ ಜಿಗುಟು ಜಾಸ್ತಿ, ಒಣಗಿದಾಗ ಗೋಡೆ ಸೀಳುತ್ತದೆ, ಮರಳು ಬೆರೆಸಿ. ಬಗ್ಗುತ್ತಾ ಅಲ್ಲಲ್ಲಿ ಸಣ್ಣಗೆ ಬಿರಿದರೆ ಅದೇ ನಮ್ಮ ಮಣ್ಣು. ತಿನ್ನುವ ಕೋಡುಬಳೆ ಹಾಗೆ ಬಿರಿದರೆ ಅಮ್ಮ ಬೈಯುತ್ತಿದ್ದರು, ಅಷ್ಟೇ ವ್ಯತ್ಯಾಸ.

ನೀರು ಹಾಕಿ ಎರಡು ದಿನ ನೆನೆಯಲು ಬಿಡಿ. ಆಮೇಲೆ ಕತ್ತರಿಸಿದ ಭತ್ತದ ಹುಲ್ಲು ಹಾಕಿ, ಹಿಮ್ಮಡಿ ಊರಿ ತುಳಿಯಿರಿ. ಉಂಡೆ ಮಾಡಿ ಎದೆಮಟ್ಟದಿಂದ ಬಿಟ್ಟರೆ ಚಪ್ಪಟೆಯಾಗಬೇಕು, ಒಡೆಯಲೂಬಾರದು, ಹರಡಲೂಬಾರದು.

ಪಾಯ ಕಲ್ಲಿನದೇ ಇರಲಿ, ನೆಲದಿಂದ ಎರಡಡಿ ಮೇಲಕ್ಕೆ. ನಮ್ಮ ಮಳೆಗೆ ಇಲ್ಲಿ ಜಿಪುಣತನ ನಡೆಯುವುದಿಲ್ಲ.

ಗೋಡೆಯ ದಪ್ಪ ಒಂದೂವರೆ ಅಡಿ. ಒಂದು ವರಸೆಗೆ ಒಂದಡಿ ಎತ್ತರ ಮೆತ್ತಿ, ಸುಮ್ನೆ ಬಿಟ್ಟುಬಿಡಿ. ಉಗುರು ಇಳಿಯದಷ್ಟು ಗಟ್ಟಿಯಾಗುವ ತನಕ ಮೇಲಿನ ವರಸೆಗೆ ಕೈ ಹಾಕಬೇಡಿ. ನಾನು ಎಡವಿದ್ದು ಇಲ್ಲೇ. ಇಬ್ಬರು ಆಳು ಹೆಚ್ಚಿಗೆ ಸಿಕ್ಕಿದರು ಅಂತ ಒಂದೇ ದಿನ ಎರಡು ವರಸೆ ಏರಿಸಿದೆ. ಸಂಜೆ ಹೊತ್ತಿಗೆ ಗೋಡೆ ಹೊಟ್ಟೆ ಮುಂದೆ ಮಾಡಿ ನಿಂತಿತ್ತು. ಕಿತ್ತು, ಅದೇ ಮಣ್ಣನ್ನು ಮತ್ತೆ ತುಳಿದೆ. ಸಿಮೆಂಟ್ ಆಗಿದ್ದರೆ ಎಸೆಯಬೇಕಿತ್ತು, ಅಲ್ವಾ? ಒಣಗಿದ ವರಸೆಗೆ ನೀರು ಚಿಮುಕಿಸಿಯೇ ಮುಂದಿನದನ್ನು ಕೂರಿಸಿ.

ಕಾಫಿ ಕುಯ್ಲು ಮುಗಿಯುವ ತನಕ ಆಳು ಸಿಗುವುದಿಲ್ಲ, ಜೂನ್‌ಗೆ ಮಳೆ. ನಡುವೆ ಇರುವುದೇ ಮೂರು ತಿಂಗಳು. ಅಷ್ಟರಲ್ಲಿ ಹೆಂಚು ಏರಬೇಕು. ಸೂರು ಗೋಡೆಯಿಂದ ಮೂರಡಿ ಹೊರಗೆ ಚಾಚಿರಲಿ.

ಆಫ್ರಿಕಾದ ಮಾಲಿ ದೇಶದ ಜೆನ್ನೆಯಲ್ಲಿ 1907ರಲ್ಲಿ ಕಟ್ಟಿದ ದೊಡ್ಡ ಮಸೀದಿ ಇದೆ, ಗೋಡೆಯೆಲ್ಲ ಮಣ್ಣಿನದು. ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತದೆ. ನಮ್ಮ ಮನೆಗೆ ಊರು ಬರುವುದಿಲ್ಲ. ದೀಪಾವಳಿಗೆ ಮುಂಚೆ ನಾನೂ ನನ್ನ ಹೆಂಡತಿಯೂ ಸಗಣಿ, ಕೆಮ್ಮಣ್ಣು ಕಲಸಿ ಸಾರಿಸುತ್ತೇವೆ. ಪಡುವಣ ಗೋಡೆ ಮೊದಲು; ಮಳೆ ಹೊಡೆಯುವುದು ಅಲ್ಲಿಗೇ.