ಕಟಿಂಗ್ ಟೇಬಲ್ ಮೇಲೆ ಹುಟ್ಟಿದ ಮೂರು ಮಾತು: ನನ್ನ ಅನುಭವ

ಕಂಪನಿ ನಡೆಸುವವರನ್ನು ಕೂರಿಸಿ ಅವರ ಧ್ಯೇಯ, ಮೌಲ್ಯ ಬರೆಸುವುದು ನನ್ನ ಕೆಲಸ. ಜೀನ್ಸ್ ಹೊಲಿಯುವವರನ್ನು ಕೂರಿಸಿ ಅದನ್ನು ಬರೆಸೋದು ಆಗದ ಕೆಲಸ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಇದೇ ಕೆಲಸ ಮಾಡುವ ಬೆಂಗಳೂರಿನ ಗೆಳೆಯರು "ಐಟಿ ಕಂಪನಿಗಾದರೆ ಸರಿ, ಬಳ್ಳಾರಿಯಲ್ಲಿ ಯಾರಿಗೆ ಬೇಕು?" ಎಂದರು. ನಾನು ಹೋದ ಬಳ್ಳಾರಿಯ ಜೀನ್ಸ್ ಯೂನಿಟ್‌ನ ಯಜಮಾನರ ತಮ್ಮನೇ "ಸುಮ್ನೆ ದುಡ್ಡು ದಂಡ" ಎಂದಿದ್ದರು. ಈಗ ಹೆಚ್ಚುಕಮ್ಮಿ ಎರಡು ವರ್ಷ ಆಯಿತು. ಅಲ್ಲಿ ಮೂರು ಮಾತು ನಿಂತಿವೆ. ಗೋಡೆಯ ಮೇಲಲ್ಲ, ಕೆಲಸದಲ್ಲಿ. ಮಾಲು ತಡೆಹಿಡಿಯುವಾಗ, ಆರ್ಡರ್ ಬೇಡ ಎನ್ನುವಾಗ, ಶನಿವಾರ ವಾರದ ಕೂಲಿ ಬಟವಾಡೆ ಮಾಡುವಾಗ ಆ ಮಾತನ್ನೇ ಎತ್ತಿ ಜಗಳ ಆಡುತ್ತಾರೆ. ನನಗೆ ಬೇಕಿದ್ದದ್ದು ಅದೇ.

ಯೂನಿಟ್ ಶುರುವಾದದ್ದು ಬಳ್ಳಾರಿಯ ಕೌಲ್ ಬಜಾರ್‌ನ ಒಂದು ಮನೆಯಲ್ಲಿ, ಎಂಟು ಮಿಷನ್‌ನಿಂದ. ನಾನು ಹೋಗುವ ಹೊತ್ತಿಗೆ ಎರಡು ಶೆಡ್, ನೂರ ಎಪ್ಪತ್ತರ ಹತ್ತಿರ ಮಿಷನ್, ಜೊತೆಗೆ ಮನೆಯಲ್ಲೇ ಹೊಲಿದು ಕೊಡುವ ಸುಮಾರು ಮೂವತ್ತು ಕುಟುಂಬ. ಮೊದಲು ಯಜಮಾನರು ಟೇಬಲ್ ಪಕ್ಕ ನಿಂತರೆ ಸಾಕು, ತೀರ್ಮಾನ ಆಗುತ್ತಿತ್ತು. ಎರಡನೇ ಶೆಡ್ ಬಂದ ಮೇಲೆ ಅವರು ಎಲ್ಲಿ ಇರುವುದಿಲ್ಲವೋ ಅಲ್ಲಿ ಬೇರೆಯೇ ತೀರ್ಮಾನ. ಮುಂದೆ ನಿಂತು ನಡೆಸುವವರು ಏಳು ಜನ: ಯಜಮಾನರು, ಅವರ ತಮ್ಮ, ಲೆಕ್ಕ ನೋಡುವ ಸೊಸೆ, ಕಟಿಂಗ್ ಮಾಸ್ಟರ್, ವಾಷಿಂಗ್ ನೋಡುವವರು, ಸೇಲ್ಸ್‌ನವರು, ಹೊಲಿಗೆ ಲೈನಿನ ಸೂಪರ್‌ವೈಸರ್ ಅಕ್ಕ. ಏಳು ಜನ, ಏಳು ದಾರಿ.

ಮೊದಲ ಸಲ ನಾನು ಮಾಡಿದ್ದು ಪೂರ್ತಿ ಸೋತಿತು. ಎಲ್ಲರನ್ನೂ ಹಂಪಿ ಕಡೆಯ ಒಂದು ರೆಸಾರ್ಟ್‌ಗೆ ಎರಡು ದಿನ ಕರೆದುಕೊಂಡು ಹೋದೆ. ಫ್ಲಿಪ್ ಚಾರ್ಟ್, ಬಣ್ಣದ ಚೀಟಿ, ಮತ ಹಾಕುವ ಚುಕ್ಕಿ, ಎಲ್ಲಾ ಇತ್ತು. ನನ್ನ ಫೀಸ್ ಒಂದೂವರೆ ಲಕ್ಷ, ರೂಮು ಊಟಕ್ಕೆ ಇನ್ನೊಂದು ಎಂಬತ್ತು ಸಾವಿರ. ಕೊನೆಗೆ ಐದು ಪದ ಬಂದವು: ಇಂಟೆಗ್ರಿಟಿ, ಎಕ್ಸಲೆನ್ಸ್, ಇನ್ನೋವೇಶನ್, ಟೀಮ್‌ವರ್ಕ್, ಕಸ್ಟಮರ್ ಫಸ್ಟ್. ಧ್ಯೇಯದ ಜಾಗದಲ್ಲಿ 'ವಿಶ್ವದರ್ಜೆ' ಅಂತ ಶುರುವಾಗುವ ಒಂದು ಉದ್ದನೆಯ ಸಾಲು. ಹದಿನಾಲ್ಕು ಸಾವಿರ ಕೊಟ್ಟು ಅಕ್ರಿಲಿಕ್ ಬೋರ್ಡ್ ಮಾಡಿಸಿ ಆಫೀಸಿನಲ್ಲಿ ಹಾಕಿದರು. ಎಲ್ಲರೂ ಖುಷಿಯಾಗಿಯೇ ಮನೆಗೆ ಹೋದರು.

ನಾಲ್ಕು ತಿಂಗಳಿಗೆ ಶೇಡ್ ಹೊಡೆತ ಬಿತ್ತು. ಈ ಕಸುಬಿನವರಿಗೆ ಹೇಳಬೇಕಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನನ್ನ ವಿಧಾನ ಹುಟ್ಟಿದ್ದೇ ಇಲ್ಲಿ. ಡೆನಿಮ್‌ನ ಒಂದು ಥಾನಿಂದ, ಅಂದರೆ ಬಟ್ಟೆಯ ಸುರುಳಿಯಿಂದ, ಇನ್ನೊಂದು ಥಾನಿಗೆ ನೀಲಿ ಒಂದೇ ಇರಲ್ಲ. ಬಟ್ಟೆ ಹಾಸಿ ಕತ್ತರಿಸಿದ ಮೇಲೆ ಪ್ರತಿ ತುಂಡಿಗೂ ನಂಬರ್ ಸ್ಟಿಕರ್ ಅಂಟಿಸುತ್ತಾರೆ. ಒಂದೇ ಪದರದ ತುಂಡುಗಳು ಒಂದೇ ಪ್ಯಾಂಟಿಗೆ ಹೋಗಬೇಕು. ಆ ನಂಬರ್ ಕಲೆಸಿಹೋದರೆ ಒಂದು ಕಾಲು ಒಂದು ನೀಲಿ, ಇನ್ನೊಂದು ಕಾಲು ಇನ್ನೊಂದು ನೀಲಿ. ಹೊಲಿಯುವಾಗ ಗೊತ್ತಾಗಲ್ಲ. ವಾಷಿಂಗ್ ಆಗಿ ಒಣಗಿ ಬಂದ ಮೇಲೆ ಬಿಸಿಲಿಗೆ ಹಿಡಿದರೆ ಕಣ್ಣಿಗೆ ಹೊಡೆಯುತ್ತದೆ. ಆ ಸಲ ಸುಮಾರು 1,800 ಪ್ಯಾಂಟು ಹೀಗಾಯಿತು. ಕಟಿಂಗ್ ಮಾಸ್ಟರ್ "ಕಳಿಸಬ್ಯಾಡ್ರಿ" ಎಂದರು. ಸೇಲ್ಸ್‌ನವರು "ಲಾರಿ ನಿಂತಿದೆ" ಎಂದರು. ಯಜಮಾನರು ಊರಲ್ಲಿ ಇರಲಿಲ್ಲ. ಮಾಲು ಹೋಯಿತು, ಹದಿನೈದು ದಿನಕ್ಕೆ ಪೂರ್ತಿ ವಾಪಸ್ ಬಂತು. ಅರ್ಧ ರೇಟಿಗೆ ಲಾಟ್ ಮಾಡಿ ಮಾರಿದರು. ಸಾಗಾಣಿಕೆ ಸೇರಿ ಮೂರೂವರೆ ನಾಲ್ಕು ಲಕ್ಷ ಹೋಯಿತು.

ಯಜಮಾನರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಆ ಜಗಳ ಆಗಿದ್ದು ಬೋರ್ಡಿನ ಕೆಳಗೇ. ಒಬ್ಬರಾದ್ರೂ ತಲೆ ಎತ್ತಿ ನೋಡಿಲ್ಲ. ಯಾಕೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತು ಸಾವಿರ ವಾಪಸ್ ಕೊಟ್ಟೆ, ಹಾಳಾದ ಒಂದು ಪ್ಯಾಂಟ್ ಕೇಳಿ ತಂದೆ. ಅದನ್ನು ಮನೆಯಲ್ಲಿ ನೇತುಹಾಕಿ ತಿಂಗಳುಗಟ್ಟಲೆ ನೋಡಿದೆ. ಇಂಟೆಗ್ರಿಟಿ ಅನ್ನೋ ಪದ ಆ ಎರಡು ಕಾಲಿನ ಬಗ್ಗೆ ಏನೂ ಹೇಳಲ್ಲ. ಲಾರಿ ನಿಂತಾಗ ಏನು ಮಾಡಬೇಕು ಅಂತ ಹೇಳಲ್ಲ. ದುಡ್ಡು ಹೋಗುವ ಜಾಗದಿಂದ ಶುರು ಮಾಡದೆ ಮೌಲ್ಯ ಸಿಗಲ್ಲ ಎಂದು ನನಗೆ ಹೊಳೆದದ್ದು ಆಗ.

ಎರಡನೇ ಸಲ ನಾನೇ ಹೋಗಿ ಕೇಳಿದೆ. ಮುಂಗಡ ಬೇಡ, ಆರು ತಿಂಗಳಾದ ಮೇಲೆ ನಿಮಗೆ ಕೆಲಸಕ್ಕೆ ಬಂತು ಅನಿಸಿದರೆ ಕೊಡಿ ಎಂದೆ. ರೆಸಾರ್ಟ್ ಇಲ್ಲ. ಕಟಿಂಗ್ ಶೆಡ್‌ನಲ್ಲೇ, ಟೇಬಲ್ ಸುತ್ತ, ಸಂಜೆ ಆರೂವರೆಯಿಂದ ಎಂಟೂವರೆ. ಐದು ಸಂಜೆ, ವಾರಕ್ಕೊಂದು. ಖರ್ಚು ಅಂದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಪೆನ್ನು, ಚೀಟಿ ಯಾವುದೂ ಇಲ್ಲ. ಆ ಪ್ಯಾಂಟನ್ನು ಟೇಬಲ್ ನಡುವೆ ಹರಡಿದೆ. ಪ್ರತಿಯೊಬ್ಬರೂ ಒಂದು ಕಾಗದ ತರಬೇಕು ಎಂದೆ: ಬಿಲ್ಲು, ಚಲನ್, ಲೆಕ್ಕದ ಪುಸ್ತಕದ ಹಾಳೆ, ಏನಾದರೂ ಸರಿ. ಸರಿ ಅನಿಸಿದ್ದಕ್ಕೆ ದುಡ್ಡು ಕಳೆದುಕೊಂಡದ್ದಿರಬೇಕು, ಇಲ್ಲಾ ದುಡ್ಡು ಸಿಕ್ಕರೂ ಇವತ್ತಿಗೂ ಚುಚ್ಚುವಂಥದ್ದಿರಬೇಕು.

ಮೊದಲ ಸಂಜೆ ಬರೀ ಹೊಗಳಿಕೆ. ಎಲ್ಲರೂ ತಾವು ಒಳ್ಳೆಯವರಾಗಿದ್ದ ಕತೆ ತಂದಿದ್ದರು. ನಾನು ತಡೆಯಲಿಲ್ಲ. ಎರಡನೇ ಸಂಜೆ ಬಟವಾಡೆ ಮಾತು ಬಂತು. ಯಜಮಾನರು "ನಮ್ಮಲ್ಲಿ ಒಂದು ಶನಿವಾರ ಬಟವಾಡೆ ತಪ್ಪಿಲ್ಲ" ಎಂದರು. ಸೊಸೆ ಏನೂ ಹೇಳದೆ 2016ರ ಹಳೆಯ ಪುಸ್ತಕ ತೆಗೆದು ಟೇಬಲ್ ಮೇಲೆ ಇಟ್ಟರು. ನವೆಂಬರ್ 8ರ ರಾತ್ರಿ ನೋಟು ರದ್ದಾಗಿತ್ತಲ್ಲ, ಅದಾದ ಮೇಲಿನ ಮೂರು ಶನಿವಾರದ ಹಾಳೆ ಖಾಲಿ. ಕಟಿಂಗ್ ಮಾಸ್ಟರ್ ಮೆಲ್ಲಗೆ, "ಮೂರು ವಾರ ಆಗ್ಲಿಲ್ಲಣ್ಣ. ಆಗ ನಾಲ್ಕು ಮಂದಿ ಬಿಟ್ಟು ಹೋದ್ರು" ಎಂದರು. ಯಜಮಾನರು ಎದ್ದು ಹೊರಗೆ ಹೋದರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮಿರ್ಚಿ ತಣ್ಣಗಾಯಿತು. ಇದೂ ಹೋಯಿತು ಎಂದುಕೊಂಡೆ. ಅವರು ಒಳಗೆ ಬಂದು, ಕೂರದೆ, "ಅವ ಹೇಳಿದ್ದು ಖರೆ. ನಾನು ಮರೆತಿದ್ದೆ ಅಂತಲ್ಲ, ಮರೆಯಬೇಕು ಅಂತಿದ್ದೆ" ಎಂದರು. ಎರಡನೇ ಮಾತು ಹುಟ್ಟಿದ್ದು ಆ ಗಳಿಗೆಯಲ್ಲಿ.

ಸೂಪರ್‌ವೈಸರ್ ಅಕ್ಕ ಕಾಗದ ತಂದಿರಲಿಲ್ಲ. ಅವರು ದಾರ ಕತ್ತರಿಸುವ ಕೆಲಸಕ್ಕೆ ಬಂದವರು. ಮಿಷನ್ ಕಲಿಯುವಾಗ ಮೊದಲ ತಿಂಗಳು ಅರವತ್ತೋ ಎಪ್ಪತ್ತೋ ಪೀಸು ಹಾಳು ಮಾಡಿದರಂತೆ. ಆಗ ಯಾರೂ ಕೂಲಿ ಹಿಡಿಯಲಿಲ್ಲ. "ಈಗ ಎರಡನೇ ಶೆಡ್‌ನಾಗ ಹಿಡಿತಾರ್ರಿ" ಎಂದರು. ತಮ್ಮನ ಮುಖ ಕೆಂಪಾಯಿತು. ಹಿಡಿಯುವಂತೆ ಹೇಳಿದ್ದು ಅವರೇ. ಮೂರನೇ ಮಾತು ಅಲ್ಲಿಂದ.

ಯಜಮಾನರನ್ನು ಮೊದಲ ಒಂದು ಗಂಟೆ ಮಾತಾಡದ ಹಾಗೆ ಹೇಗೆ ಕೂರಿಸಿದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯಲ್ಲ. ನನ್ನ ಹೊಟ್ಟೆಪಾಡು ಅದರಲ್ಲಿದೆ. ಮೊದಲು ಮಾತಾಡುವವರನ್ನು ಆರಿಸುವ ರೀತಿಯೂ ಹಾಗೇ. ಕಿರಿಯರಿಂದ ಶುರು ಮಾಡಿ ಅನ್ನೋದು ಎಲ್ಲರಿಗೂ ಗೊತ್ತು, ಅದು ಯಾವಾಗಲೂ ನಡೆಯಲ್ಲ ಎಂದಷ್ಟೇ ಹೇಳುತ್ತೇನೆ.

ಭಾಷೆಗೆ ಒಂದು ಇಡೀ ಸಂಜೆ ಹೋಯಿತು, ಅದು ದಂಡವಲ್ಲ. ಆ ಶೆಡ್‌ನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ನಾನು 'ಪ್ರಾಮಾಣಿಕತೆ' ಎಂದೆ. ಎಲ್ಲರೂ ತಲೆ ಆಡಿಸಿದರು, ಒಬ್ಬರ ಬಾಯಿಂದಲೂ ಅದು ಮತ್ತೆ ಬರಲಿಲ್ಲ. ವಾಷಿಂಗ್ ನೋಡುವವರು "ನಿಯತ್ತು ಅನ್ರಿ" ಎಂದರು. ಅಷ್ಟೇ. ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಕೊನೆಗೆ ನಿಂತದ್ದು ಇವು: ನಿಯತ್ತು ಅಂದರೆ, ತಪ್ಪು ಕಂಡರೆ ಗಿರಾಕಿಗಿಂತ ಮೊದಲು ನಾವೇ ಹೇಳುತ್ತೇವೆ. ನಮ್ಮ ದುಡ್ಡು ಬರಲಿ ಬಿಡಲಿ, ಶನಿವಾರ ಬಟವಾಡೆ. ಕಲಿಯುವವರ ಕೈಯಲ್ಲಿ ಹಾಳಾದ ಪೀಸಿಗೆ ಕೂಲಿ ಹಿಡಿಯಲ್ಲ.

ಇನ್ನೊಂದು ಮಾತು ಬರುವುದಿತ್ತು, ನಾನು ಬಿಡಲಿಲ್ಲ. ಅದೇ ಹೊತ್ತಿಗೆ, 2024ರ ಏಪ್ರಿಲ್‌ನಿಂದ, ನೋಂದಾಯಿತ ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡದೆ ಬಾಕಿ ಉಳಿಸಿದರೆ ಆ ಖರ್ಚನ್ನು ಕೊಟ್ಟ ವರ್ಷದಲ್ಲೇ ತೆರಿಗೆಗೆ ತೋರಿಸಬೇಕು ಅನ್ನೋ ನಿಯಮ ಬಂದಿತ್ತು. ಅದನ್ನೇ 'ಸಣ್ಣವರ ದುಡ್ಡು ನಿಲ್ಲಿಸಲ್ಲ' ಎಂದು ಬರೆಯೋಣ ಅಂದರು. ಕಾನೂನಿಗೆ ಹೆದರಿ ಮಾಡೋದನ್ನು ಮೌಲ್ಯ ಅಂತ ಬರೆಯೋದು ಬೇಡ ಎಂದು ನಾನು ಹಟ ಹಿಡಿದೆ. ಇವತ್ತಿಗೂ ನನಗೆ ಅದು ಸರಿ ಅನಿಸುತ್ತದೆ.

ಬರೆದ ಮೇಲೆ ಕೆಳಗೆ ಕೇಳಬೇಕಲ್ವಾ? ಲೈನಿನಲ್ಲಿ ಇರುವವರು ಆ ಮಾತಿಗೆ ಒಂದು ನಡೆದ ಘಟನೆ ಹೇಳಬೇಕು, ಹೇಳದಿದ್ದರೆ ಆ ಮಾತು ತೆಗೆದುಬಿಡಬೇಕು, ಇದು ನನ್ನ ನಿಯಮ. ಮೊದಲು ವಾಟ್ಸಾಪ್‌ನಲ್ಲಿ ಧ್ವನಿ ಕಳಿಸಿ ಎಂದೆ. ಬಂದ ಮೂವತ್ತು ಚಿಲ್ಲರೆ ಧ್ವನಿಯಲ್ಲೂ "ನಮ್ಮ ಮಾಲೀಕರು ದೇವರಂಥವರು". ಹಿಂದೆ ಯಾರೋ ನಿಂತು ಹೇಳಿಸುತ್ತಿದ್ದದ್ದು ಕೇಳಿಸುತ್ತಿತ್ತು. ಅದನ್ನು ಬಿಟ್ಟು ನಾಲ್ಕು ದಿನ ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ ಕೂತೆ. ನಲವತ್ತು ಜನರ ಹತ್ತಿರ ಮಾತಾಡಿರಬಹುದು. ಬಟವಾಡೆಗೆ ಎಲ್ಲರ ಹತ್ತಿರವೂ ಕತೆ ಇತ್ತು. ಕೂಲಿ ಹಿಡಿದದ್ದಕ್ಕೆ ಕೋಪ ಇತ್ತು. ಕೋಪವೂ ಲೆಕ್ಕಕ್ಕೆ ಬರುತ್ತದೆ. ವಚನ ಓದಿ ಸಭೆ ಶುರು ಮಾಡೋದನ್ನೂ ಒಮ್ಮೆ ನೋಡಿದೆ. ಎಲ್ಲರೂ ಕೈ ಮುಗಿದು ಕೂತರು, ಆಮೇಲೆ ಯಾರೂ ಜಗಳ ಆಡಲಿಲ್ಲ. ಜಗಳ ಇಲ್ಲದೆ ಈ ಕೆಲಸ ಆಗಲ್ಲ.

ಇದೇ ವಿಧಾನವನ್ನು ಸಿಂಧನೂರು ಕಡೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲೂ ಮಾಡಿದೆ. ಅದು ಅರ್ಧ ಗೆದ್ದಿತು. ಮೊದಲ ಸಂಜೆ ಇಟ್ಟುಕೊಂಡದ್ದು 2024ರ ಆಗಸ್ಟ್‌ನಲ್ಲಿ. 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಒಂದು ವಾರ ಯಾರ ಮನಸ್ಸೂ ಇಲ್ಲಿರಲಿಲ್ಲ. ನೀರು ಎಷ್ಟು ಹೋಯಿತು, ಎರಡನೇ ಬೆಳೆಗೆ ಸಿಗುತ್ತಾ, ಅದೇ ಮಾತು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ತಡೆ ಕೂರಿಸಿದ ಸುದ್ದಿ ಬಂದ ಮೇಲೆ ಕೂತೆವು. ನಿರ್ದೇಶಕರಲ್ಲಿ ಕಾಲುವೆಯ ಮೇಲ್ಭಾಗದವರೂ ಇದ್ದರು, ಕೊನೆಭಾಗದವರೂ ಇದ್ದರು. ನಷ್ಟದ ಕಾಗದ ತನ್ನಿ ಎಂದರೆ ಎಲ್ಲ ಕಾಗದವೂ ನೀರಿನ ಕಡೆಗೇ ಹೋಗುತ್ತಿತ್ತು. ತಾವು ತೆಗೆದುಕೊಂಡ ತೀರ್ಮಾನದ ನಷ್ಟ ಬೇರೆ, ತಲೆ ಮೇಲೆ ಬಿದ್ದ ನಷ್ಟ ಬೇರೆ ಎಂದು ಮೊದಲೇ ಬಿಡಿಸಿ ಹೇಳಬೇಕಿತ್ತು. ಈಗ ಹಾಗೇ ಹೇಳುತ್ತೇನೆ.

ಧ್ಯೇಯ ಕೊನೆಗೆ ಬಂತು, ಕೊನೆಗೇ ಬರಬೇಕು. ನಾಳೆ ಬೀಗ ಹಾಕಿದರೆ ಯಾರಿಗೆ ಕಷ್ಟ ಅನ್ನೋ ಹಳೆಯ ಪ್ರಶ್ನೆಯನ್ನೇ ಐದನೇ ಸಂಜೆ ಕೇಳಿದೆ. ಮೊದಲ ಸಂಜೆ ಕೇಳಿದ್ದರೆ 'ಗ್ರಾಹಕರಿಗೆ' ಅನ್ನುತ್ತಿದ್ದರು. ನಾಲ್ಕು ಸಂಜೆ ಲೆಕ್ಕ ಬಿಚ್ಚಿದ ಮೇಲೆ ಸೂಪರ್‌ವೈಸರ್ ಅಕ್ಕ, "ನಮ್ಮ ಮನಿಯಾಗ ಈ ವರ್ಷ ಯಾರೂ ಗುಳೆ ಹೋಗಿಲ್ಲ. ಬೀಗ ಹಾಕಿದ್ರ ಹೋಗ್ತಾರ" ಎಂದರು. ಗುಳೆ ಅಂದರೆ ಕೂಲಿ ಹುಡುಕಿ ಊರು ಬಿಟ್ಟು ಹೋಗೋದು, ನಮ್ಮ ಕಡೆ ಅದನ್ನು ಯಾರಿಗೂ ಹೇಳಬೇಕಿಲ್ಲ. ಧ್ಯೇಯ ಹೀಗೆ ನಿಂತಿತು: ಇಲ್ಲಿ ಹೊಲಿಯುವ ಮನೆಯವರು ಗುಳೆ ಹೋಗಬಾರದು, ಅದಕ್ಕಾಗಿ ವರ್ಷಪೂರ್ತಿ ಕೆಲಸ.

ಬರೆದ ತಕ್ಷಣ ಅದು ದುಡ್ಡು ಕೇಳಿತು. ದೀಪಾವಳಿ ಮುಗಿದ ಮೇಲೆ ರಂಜಾನ್, ಯುಗಾದಿ ಆರ್ಡರ್ ಬರುವವರೆಗೆ ಅರ್ಧ ಮಿಷನ್ ಖಾಲಿ. ಗುಳೆ ಹೋಗುವುದೂ ಅದೇ ತಿಂಗಳಲ್ಲಿ. ಸೇಲ್ಸ್‌ನವರು ಶಾಲೆ ಯೂನಿಫಾರಂ ಹಿಡಿದು ತಂದರು. ಜೀನ್ಸ್‌ನಲ್ಲಿ ಪೀಸಿಗೆ ಅರವತ್ತು ಉಳಿದರೆ ಇದರಲ್ಲಿ ಇಪ್ಪತ್ತೈದು. ತಮ್ಮ ಬೇಡ ಎಂದರು. ಯಜಮಾನರು ಧ್ಯೇಯ ಬರೆದ ಹಾಳೆ ತೋರಿಸಿದರು. ಮೊದಲ ವರ್ಷ ಸುಮಾರು ಹನ್ನೊಂದು ಸಾವಿರ ಯೂನಿಫಾರಂ ಹೊಲಿದರು, ಉಳಿದದ್ದು ಎರಡೂ ಮುಕ್ಕಾಲು ಲಕ್ಷದ ಹತ್ತಿರ. ಆ ತಿಂಗಳುಗಳಲ್ಲಿ ಬಿಟ್ಟು ಹೋದವರು ಆರೇ ಜನ. ಹಿಂದಿನ ವರ್ಷ ಮೂವತ್ತರ ಮೇಲೆ ಹೋಗಿದ್ದರು. ಶೇಡ್ ಕಲೆಸಿದ್ದು ಮತ್ತೊಮ್ಮೆ ಆಯಿತು, 400 ಪೀಸು. ಈ ಸಲ ಸೇಲ್ಸ್‌ನವರೇ ಗಿರಾಕಿಗೆ ಫೋನ್ ಮಾಡಿ ಹೇಳಿದರು. ಗಿರಾಕಿ ಬೈದರು, ಎಂಟು ದಿನ ಕಾದರು, ಮುಂದಿನ ಆರ್ಡರ್ ಕೊಟ್ಟರು. ಆರು ತಿಂಗಳಿಗೆ ನನಗೆ ತೊಂಬತ್ತು ಸಾವಿರ ಬಂತು. ಕವರ್ ತಂದು ಕೊಟ್ಟದ್ದು 'ದುಡ್ಡು ದಂಡ' ಎಂದಿದ್ದ ತಮ್ಮ.

ಹಾಳೆಯಲ್ಲಿ ನಾಲ್ಕನೇ ಸಾಲು ಖಾಲಿ ಇದೆ. ವಾಷಿಂಗ್ ನೋಡುವವರು ನೀರಿನ ಬಗ್ಗೆ ಒಂದು ಮಾತು ಇರಲೇಬೇಕು ಎಂದಿದ್ದರು. ಜೀನ್ಸ್ ತೊಳೆಯಲು ಎಷ್ಟು ನೀರು ಬೇಕು, ಬಳ್ಳಾರಿಯ ಬೇಸಿಗೆ ಎಂಥದ್ದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಏಳು ಜನರಲ್ಲಿ ಒಬ್ಬರ ಹತ್ತಿರವೂ ನೀರಿಗಾಗಿ ದುಡ್ಡು ಬಿಟ್ಟ ಕಾಗದ ಇರಲಿಲ್ಲ. ಹಾಗಾಗಿ ಬರೆಯಲಿಲ್ಲ. ಹೋದ ತಿಂಗಳು ಅವರೇ ಫೋನ್ ಮಾಡಿದ್ದರು. ತೊಳೆದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ ಟ್ಯಾಂಕಿಗೆ ಎರಡು ಕೊಟೇಶನ್ ತರಿಸಿದ್ದಾರಂತೆ. ಕಡಿಮೆಯದ್ದೇ ಇಪ್ಪತ್ತು ಲಕ್ಷ ದಾಟುತ್ತದೆ. ಮುಂದಿನ ಗುರುವಾರ ಸಂಜೆ ಆರೂವರೆಗೆ ಟೇಬಲ್ ಹತ್ತಿರ ಕೂರುತ್ತಾರೆ, ನನ್ನನ್ನೂ ಕರೆದಿದ್ದಾರೆ. ಪ್ಯಾಂಟ್ ತರಬೇಕಾ ಎಂದು ಕೇಳಿದೆ. ತನ್ನಿ ಎಂದರು.