ಹೊಲದ ಪಾಠಕ್ಕೆ ಹೊರಟಿರಾ? ಗಿಡ ಕೀಳಬೇಡಿ, ಅಗೆಯಿರಿ

ಮನೆಯಲ್ಲೇ ಪಾಠ ಕಲಿಯುವ ಮಕ್ಕಳನ್ನು ಹೊಲಕ್ಕೆ ಕರೆದೊಯ್ದಾಗ ಬಹಳ ಸಲ ಆಗುವುದಿಷ್ಟು: ಹತ್ತು ಬೆಳೆಯ ಹೆಸರು ಕೇಳಿ, ರಾಶಿ ಫೋಟೊ ತೆಗೆದು, ಬಿಸಿಲೇರುವಷ್ಟರಲ್ಲಿ ಮಕ್ಕಳು ನೆರಳು ಹುಡುಕತೊಡಗುತ್ತಾರೆ. ಒಂದು ಭೇಟಿಗೆ ಎರಡೇ ಬೆಳೆ ಸಾಕು. ಒಂದು ದ್ವಿದಳ, ಒಂದು ಏಕದಳ. ಅಲಸಂದೆ ಮತ್ತು ಮೆಕ್ಕೆಜೋಳ ಒಳ್ಳೆಯ ಜೋಡಿ. ಇವನ್ನು ಬೇರಿನಿಂದ ಹೂವಿನವರೆಗೆ ಸರಿಯಾಗಿ ನೋಡಲು ಎರಡು ಗಂಟೆ ಬೇಕು.

ಹೊಲದವರನ್ನು ಮೊದಲೇ ಮೂರು ಮಾತು ಕೇಳಿ. ಅಲಸಂದೆ ಹೂ ಬಿಟ್ಟಿದೆಯೇ? ಮೂರು ಗಿಡ ಅಗೆಯಬಹುದೇ? ಕೊನೆಯ ಸಲ ಔಷಧ ಹೊಡೆದದ್ದು ಯಾವಾಗ, ಯಾವುದು? ಸಿಂಪಡಿಸಿದ ಮೇಲೆ ಎಷ್ಟು ಹೊತ್ತು ಹೊಲಕ್ಕೆ ಇಳಿಯಬಾರದು ಎಂಬುದನ್ನು ಡಬ್ಬಿಯ ಲೇಬಲ್ ನೋಡಿ ತಿಳಿದುಕೊಳ್ಳಿ. ಗೊತ್ತಾಗದಿದ್ದರೆ ಬೇರೆ ಹೊಲ ಹುಡುಕಿ. ಇದರಲ್ಲಿ ರಾಜಿ ಬೇಡ.

ಚೀಲದಲ್ಲಿ ಕಬ್ಬಿಣದ ಸಲಿಕೆ, ಬಕೆಟ್, ಬಿಳಿ ತಟ್ಟೆ, ಬ್ಲೇಡು, ಸ್ಕೇಲು, ಪೆನ್ಸಿಲ್, ಹಳೆ ಪತ್ರಿಕೆ, ಮುಚ್ಚಳವಿರುವ ಗಾಜಿನ ಬಾಟಲಿ ಇರಲಿ. ಮಕ್ಕಳಿಗೆಂದೇ ಮಾರುವ ಪ್ಲಾಸ್ಟಿಕ್ ಸಲಿಕೆ ಮೊದಲ ಹೆಂಟೆಗೇ ಬಾಗುತ್ತದೆ. ಉದ್ದ ಹಿಡಿಯ ದೊಡ್ಡ ಭೂತಗನ್ನಡಿಯೂ ಬೇಡ, ಅದು ಎರಡು ಮೂರು ಪಟ್ಟಷ್ಟೇ ಹಿಗ್ಗಿಸುತ್ತದೆ. ಹತ್ತು ಪಟ್ಟಿನ ಪುಟ್ಟ ಮಸೂರ ತನ್ನಿ. ಅದನ್ನು ಕಣ್ಣಿಗೆ ತಾಗುವಂತೆ ಹಿಡಿದು, ಎಲೆಯನ್ನೇ ಮಸೂರದ ಹತ್ತಿರಕ್ಕೆ, ಸುಮಾರು ಎರಡೂವರೆ ಸೆಂಟಿಮೀಟರಿನಷ್ಟು ಸಮೀಪಕ್ಕೆ ತರಬೇಕು. ತೋಳು ಚಾಚಿ ನೋಡುವ ಮಗುವಿಗೆ ಮಸುಕು ಬಿಟ್ಟು ಬೇರೇನೂ ಕಾಣದು.

ಬೆಳಗ್ಗೆ ಬೇಗ ತಲುಪಿ. ದಾರಿಯಲ್ಲಿ ಕುಂಬಳದ ಬಳ್ಳಿ ಸಿಕ್ಕರೆ ಅಲ್ಲಿಂದಲೇ ಶುರು ಮಾಡಿ. ಅದರ ಹೂ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಬುಡದಲ್ಲಿ ಪುಟ್ಟ ಹೀಚು ಇರುವುದು ಹೆಣ್ಣು ಹೂ, ಬರೀ ತೊಟ್ಟಿರುವುದು ಗಂಡು.

ಇನ್ನು ಎಲ್ಲರೂ ಎಡವುವ ಜಾಗ: ಬೇರು. ಅಲಸಂದೆಯನ್ನು ಬುಡ ಹಿಡಿದು ಕಿತ್ತರೆ ತಾಯಿಬೇರು ಬರುತ್ತದೆ, ನೋಡಬೇಕಾದ ಬೇರುಗಂಟುಗಳು ಕಳಚಿ ಮಣ್ಣಲ್ಲೇ ಉಳಿಯುತ್ತವೆ. ‘ಇದರಲ್ಲಿ ಗಂಟೇ ಇಲ್ಲ’ ಎಂದು ಮಕ್ಕಳು ಬರೆದುಕೊಂಡು ಹೋಗುತ್ತಾರೆ. ಮಣ್ಣು ಹದವಾಗಿರಬೇಕು. ಒಣಗಿದ್ದರೆ ಹಿಂದಿನ ಸಂಜೆ ಆ ಮೂರು ಗಿಡದ ಬುಡಕ್ಕೆ ನೀರು ಹಾಕಲು ಹೇಳಿ. ಕಾಂಡದಿಂದ 15 ಸೆಂ.ಮೀ. ಬಿಟ್ಟು ಸುತ್ತ ನಾಲ್ಕೂ ಕಡೆ ಸಲಿಕೆಯನ್ನು ನೇರವಾಗಿ 20 ಸೆಂ.ಮೀ. ಇಳಿಸಿ. ಓರೆಯಾಗಿ ಇಳಿಸಿದರೆ ಪಕ್ಕದ ಬೇರು ತುಂಡಾಗುತ್ತದೆ. ಆಮೇಲೆ ಮಣ್ಣುಗಡ್ಡೆಯ ಸಮೇತ ಅಡಿಯಿಂದ ಎತ್ತಿ. ಕಾಂಡ ಹಿಡಿದು ಎಳೆಯಬೇಡಿ. ಗಡ್ಡೆಯನ್ನು ಬಕೆಟ್ ನೀರಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು, ಮೆಲ್ಲಗೆ ಅಲ್ಲಾಡಿಸಿದರೆ ಮಣ್ಣು ತಾನೇ ಕರಗುತ್ತದೆ. ಕೊಡವಿದರೆ, ಉಜ್ಜಿದರೆ ಅಷ್ಟೂ ಶ್ರಮ ವ್ಯರ್ಥ.

ಈಗ ಬೇರನ್ನು ಬಿಳಿ ತಟ್ಟೆಯಲ್ಲಿ ಹರಡಿ. ದೊಡ್ಡವರೊಬ್ಬರು ಗಂಟನ್ನು ಬ್ಲೇಡಿನಿಂದ ಸೀಳಿ ತೋರಿಸಲಿ. ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದು ಕೊಡುತ್ತಿವೆ ಎಂದರ್ಥ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ನೆಂಟ. ಬಿಳಿಯಾಗಿದ್ದರೆ ಗಂಟು ಎಳೆಯದು, ಇಲ್ಲವೇ ಕೆಲಸ ಮಾಡದ್ದು. ಹಸಿರು, ಕಂದು ಬಂದಿದ್ದರೆ ಅದರ ಕೆಲಸ ಮುಗಿದಿದೆ. ಕಾಯಿ ಬಲಿತ ಗಿಡದಲ್ಲಿ ಕಾಣುವುದು ಹೆಚ್ಚಾಗಿ ಇಂಥವೇ. ಹೂ ಬಿಟ್ಟಿದೆಯೇ ಎಂದು ಮೊದಲೇ ಕೇಳಿ ಎಂದದ್ದು ಅದಕ್ಕೇ. ಗಂಟು ತೀರ ಕಡಿಮೆಯಿದ್ದರೆ ಯೂರಿಯಾ ಹಾಕಿದ್ದಾರೆಯೇ ಕೇಳಿ. ಸಾರಜನಕ ಧಾರಾಳವಾಗಿ ಸಿಕ್ಕ ಗಿಡ ಗಂಟು ಕಟ್ಟುವ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡು, ಉಗುರು ತಾಗಿದರೆ ಕಳಚಿ ಬರುವುದು ಬೇರುಗಂಟು. ಬೇರೇ ಊದಿಕೊಂಡು, ಬಿಡಿಸಲು ಬಾರದಂತಿದ್ದರೆ ಅದು ಮಣ್ಣಿನ ಸೂಕ್ಷ್ಮ ಜಂತುಹುಳು (ನೆಮಟೋಡ್) ತರುವ ರೋಗ. ಇವೆರಡನ್ನೂ ಒಂದೇ ಎಂದು ಕಲಿಸುವವರು ಅನೇಕರು.

ಮೆಕ್ಕೆಜೋಳವನ್ನೂ ಹೀಗೇ ಅಗೆದು ಪಕ್ಕದಲ್ಲಿಡಿ: ತಾಯಿಬೇರಿಲ್ಲದ ತಂತುಬೇರಿನ ಗೊಂಚಲು, ಕೆಳಗಿನ ಗೆಣ್ಣುಗಳಿಂದ ಇಳಿದ ಆಧಾರ ಬೇರು, ಎಲೆಯಲ್ಲಿ ಸಮಾನಾಂತರ ನರ. ಎರಡನ್ನೂ ಫೋಟೊ ತೆಗೆಯುವ ಮೊದಲು ಚಿತ್ರ ಬರೆಸಿ. ಗಿಡ ಗುರುತಿಸುವ ಆ್ಯಪ್ ನೆಚ್ಚಿಕೊಳ್ಳಬೇಡಿ. ಎಳೆ ಸಸಿಯ ಮುಂದೆ ಅದು ಸುಲಭವಾಗಿ ತಪ್ಪುತ್ತದೆ, ಹೊಲದವರು ತಪ್ಪುವುದಿಲ್ಲ.

ಹೊರಡುವ ಮುನ್ನ ಬೇರಿನ ಆಳದ ಮಣ್ಣು ತುಂಬಿಕೊಳ್ಳಿ, ಕೈ ತೊಳೆಸಿ. ಮನೆಯಲ್ಲಿ ಕಲ್ಲು, ಕಡ್ಡಿ ಆರಿಸಿ, ಹೆಂಟೆ ಪುಡಿಮಾಡಿ, ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಐದು ನಿಮಿಷ ಕುಲುಕಿ ಇಟ್ಟುಬಿಡಿ. ಒಂದು ನಿಮಿಷಕ್ಕೆ ಕೂತದ್ದು ಮರಳು, ಎರಡು ಗಂಟೆಗೆ ಗೋಡು, ಅಂದರೆ ಮರಳಿಗಿಂತ ನುಣುಪಾದ ಮಣ್ಣು. ಅದಕ್ಕಿಂತಲೂ ನುಣುಪಾದ ಜೇಡಿ ಕೂರಲು ಒಂದೆರಡು ದಿನ ಬೇಕು. ಪ್ರತಿ ಹಂತದಲ್ಲೂ ಬಾಟಲಿಯ ಮೇಲೆ ಗೆರೆ ಎಳೆಸಿ, ಸ್ಕೇಲಿನಲ್ಲಿ ಅಳೆಸಿ. ಗಿಡವನ್ನು ಹಳೆ ಪತ್ರಿಕೆಯ ನಡುವೆ ಒತ್ತಿ ಒಣಗಿಸುವುದಾದರೆ ಆ ಪತ್ರಿಕೆಯನ್ನು ಮೊದಲ ಮೂರು ದಿನ ದಿನವೂ ಬದಲಿಸಿ, ಇಲ್ಲದಿದ್ದರೆ ಎಲೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ.